ಮೆರವಣಿಗೆಯ ಬದಿಯಲ್ಲಿ ಪ್ರಭುಲಿಂಗಪ್ಪನವರು

ಮನುಷ್ಯರೆಲ್ಲ ಮುಂದಕ್ಕೆ ನಡೆದರೆ ಪ್ರಭುಲಿಂಗಪ್ಪನವರು ಅಡ್ಡಕ್ಕೆ ನಡೆಯುತ್ತಾರೆ. ರೋಣದ ಪೇಟೆಯಲ್ಲಿ ಬೆಳಗಿನ ಹೊತ್ತು ಕಾಯಿಪಲ್ಲೆಯ ಚೀಲ ಹಿಡಿದು ಅವರು ಬರುವುದನ್ನು ದೂರದಿಂದ ನೋಡಿದವರಿಗೆ, ಈ ಮನುಷ್ಯ ನಮ್ಮ ಕಡೆಗೇ ಬರುತ್ತಿದ್ದಾರೋ ಎದುರಿನ ಅಂಗಡಿಗೆ ಹೊರಟಿದ್ದಾರೋ ಎಂಬುದು ತೀರ ಹತ್ತಿರಕ್ಕೆ ಬರುವವರೆಗೂ ಬಗೆಹರಿಯುವುದಿಲ್ಲ. ಬಲಭುಜ ಮುಂದು, ಎದೆ ಓರೆ, ಕಾಲುಗಳು ಪಕ್ಕಪಕ್ಕಕ್ಕೆ ಸರಿಯುತ್ತವೆ, ಕಣ್ಣು ಮಾತ್ರ ಎದುರಿಗಿದ್ದವರ ಮುಖದ ಮೇಲೆ. ಇದು ಹುಟ್ಟಿನಿಂದ ಬಂದ ಊನವಲ್ಲ, ವಾತದ ಉಪದ್ರವವೂ ಅಲ್ಲ. ವೃತ್ತಿ ದಯಪಾಲಿಸಿದ ವರ. ಮೂವತ್ತು ವರ್ಷಕ್ಕೂ ಮಿಕ್ಕಿ ಮೆರವಣಿಗೆಗಳ ಬದಿಯಲ್ಲಿ, ನಡೆಯುವವರ ಮುಖ ಓದುತ್ತ ನಡೆದವರ ಸೊಂಟ ಕೊನೆಗೆ ಹಾಗೆಯೇ ಪಳಗಿಬಿಟ್ಟಿದೆ. ಹಿಂದೆ ನಡೆದರೆ ಬರೀ ಬೆನ್ನು ಕಾಣುತ್ತದೆ, ಮುಂದೆ ನಡೆದರೆ ಜನ ಮುಖಂಡನೆಂದು ತಿಳಿದು ಹಾರ ಹಾಕಿಬಿಡುತ್ತಾರೆ ಎಂಬುದು ಅವರ ವಾದ. ಗಜೇಂದ್ರಗಡದಲ್ಲಿ ನೇಕಾರರ ಮೆರವಣಿಗೆಯೊಂದರ ಪಕ್ಕದಲ್ಲಿ ಹೀಗೆ ಸರಿಯುತ್ತ ಹೋಗಿ ಅವರು ಗಟಾರಕ್ಕೆ ಬಿದ್ದಾಗ, ಘೋಷಣೆ ನಿಲ್ಲಿಸಿ ಇಡೀ ಮೆರವಣಿಗೆ ಅವರನ್ನೆತ್ತಲು ಬಾಗಿತಂತೆ. ಮೊಣಕಾಲಿನವರೆಗೆ ರಾಡಿ ಮಾಡಿಕೊಂಡು ಮೇಲೆದ್ದ ಪ್ರಾಧ್ಯಾಪಕರು, "ನಿಂತ್ರ್ಯಾಕ? ನಡೀರಿ, ನಡೀರಿ. ನೀವು ನಿಂತ್ರ ನಾ ಏನ್ ನೋಡ್ಲಿ?" ಎಂದು ಜನರನ್ನೇ ಗದರಿದರು.

ಧಾರವಾಡದಲ್ಲಿ ಅವರು ಸಮಾಜಶಾಸ್ತ್ರ ಕಲಿಸಿದರು. ಜನ ಯಾಕೆ ಧರಣಿ ಕೂರುತ್ತಾರೆ, ಯಾಕೆ ಬೀದಿಗೆ ಇಳಿಯುತ್ತಾರೆ, ಯಾರು ಬರುತ್ತಾರೆ, ಬರಬೇಕಾದವರು ಯಾಕೆ ಬರುವುದಿಲ್ಲ ಎಂಬುದೊಂದೇ ಅವರ ಜೀವಮಾನದ ವಿಷಯ. ಆ ವಿಷಯದ ಬೇರು ಅವರ ಸ್ವಂತ ಮನೆಯ ಹೊಸ್ತಿಲಲ್ಲಿತ್ತು. ಅವರು ಅಬ್ಬಿಗೇರಿಯ ದೊಡ್ಡ ಹಿಡುವಳಿಯ ಮನೆತನದವರು. ಕಪ್ಪು ಮಣ್ಣಿನ ಎರಿ ಹೊಲ ಕಣ್ಣು ಹಾಯುವಷ್ಟು, ಪೇಟೆಯಲ್ಲಿ ರೈತರ ಮಾಲಿಗೆ ದಲಾಲಿ ಹಿಡಿಯುವ ಅಡತಿ ಅಂಗಡಿ ಬೇರೆ. ನರಗುಂದದ ಕಡೆ ರೈತರು ಎದ್ದ ಎಂಬತ್ತನೆಯ ಇಸವಿಯಲ್ಲಿ ಅವರಿನ್ನೂ ಕಾಲೇಜಿನ ಹುಡುಗ. ಗೆಳೆಯರು ಓಣಿಯ ಬಾಗಿಲುಗಳನ್ನೆಲ್ಲ ತಟ್ಟಿ ತಟ್ಟಿ ಕರೆದವರು ಇವರ ಮನೆಯ ಮುಂದೆ ಮಾತ್ರ ಹೆಜ್ಜೆ ಬಿರುಸು ಮಾಡಿ ದಾಟಿಹೋದರು. ಅಡತಿಯವರ ಮನೆಯನ್ನು ಯಾರು ಕರೆಯುತ್ತಾರೆ? ಬಾಗಿಲ ಹಿಂದೆ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದ ಹುಡುಗ ಸ್ವಲ್ಪ ಹೊತ್ತು ಕಾದು, ಚಪ್ಪಲಿ ಕಳಚಿ ಒಳಗೆ ಹೋದ. ಮುಂದೆ ದೊಡ್ಡ ಪ್ರಬಂಧವಾಗಿ ಬೆಳೆದದ್ದು ಆ ಸ್ವಲ್ಪ ಹೊತ್ತೇ ಎಂದು ನನಗೆ ಅನ್ನಿಸುತ್ತದೆ.

ಆ ಪ್ರಬಂಧದ ಸಾರವನ್ನು ಅವರು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: ಸಿಟ್ಟು ಮನುಷ್ಯನನ್ನು ಮನೆಯೊಳಗೆ ಕೂರಿಸಿ ಕುದಿಸುತ್ತದೆ, ಬೀದಿಗೆ ತರುವುದು ಕರೆ. ಹೊಟ್ಟೆಯಲ್ಲಿ ಎಷ್ಟೇ ಬೆಂಕಿಯಿದ್ದರೂ, "ಬಾರೋ, ಹೋಗೋಣ" ಎಂದು ಬಾಗಿಲಿಗೆ ಬಂದು ಕರೆಯುವವನೊಬ್ಬ ಇಲ್ಲದಿದ್ದರೆ ಆ ಬೆಂಕಿ ಒಲೆಗೂ ಬರುವುದಿಲ್ಲ. ವಿದ್ವಾಂಸರು ಈ ಮಾತಿಗೆ ತಲೆದೂಗಿದರು, ಹೊರನಾಡಿನ ಸಮ್ಮೇಳನವೊಂದಕ್ಕೆ ಅವರನ್ನು ಕರೆಸಿಕೊಂಡೂ ಆಯಿತು. ಆದರೆ ಹೋರಾಟದ ಮುಖಂಡರಿಗೆ ಅದು ಹಿಡಿಸಲಿಲ್ಲ. ತಮ್ಮ ಭಾಷಣದಿಂದಲೇ ಜನ ಕೆರಳಿ ಎದ್ದರೆಂದು ನಂಬಿದವರಿಗೆ ಅದು ಹೇಗೆ ರುಚಿಸೀತು! "ಅಲ್ರೀ ಸರ, ನಮ್ಮ ಹೋರಾಟ ಅಂದ್ರ ಬೀಗರ ಊಟ ಆತೇನು, ಕರದವರಷ್ಟ ಬರಾಕ?" ಎಂದು ನರಗುಂದದ ಮುಖಂಡನೊಬ್ಬ ಕೆಣಕಿದ. "ಹೌದಲ್ರಿ ಮತ್ತ, ಬೀಗರಾದ್ರೂ ಕರೀದ ಬರತಾರೇನು?" ಎಂದು ಪ್ರಭುಲಿಂಗಪ್ಪನವರು ನಗದೆಯೇ ಉತ್ತರಿಸಿದರು.

ಅವರ ಕೋಟಿನ ವಿಚಾರ ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಚೈತ್ರದ ಬಿಸಿಲು ನೆತ್ತಿ ಸುಡುವಾಗಲೂ ಮೈಮೇಲೆ ಕಂದು ಬಣ್ಣದ ದಪ್ಪ ಕೋಟು. ಎಡಜೇಬಿನಲ್ಲಿ ಹುರಿದ ಶೇಂಗಾ, ಬಲಜೇಬಿನಲ್ಲಿ ಬೆಲ್ಲದ ಹರಳು. ಧರಣಿಯವರ ಕೈಯಿಂದ ಒಂದು ತುತ್ತನ್ನೂ ಅವರು ತಿನ್ನುತ್ತಿರಲಿಲ್ಲ, ಒಂದು ಗುಟುಕು ಚಹಾ ಕುಡಿಯುತ್ತಿರಲಿಲ್ಲ. ಬಂದವರಿಗೆ ರೊಟ್ಟಿ ಕೊಡದೆ ಕಳಿಸಿದರೆ ಮನೆಗೆ ಕೇಡೆಂದು ನಂಬಿದ ನಾಡಿನಲ್ಲಿ ಇದು ಸಣ್ಣ ಅಪಚಾರವಲ್ಲ. "ಉಂಡ ಮ್ಯಾಲ ಉಂಡವರ ಮಾತು ಬಾಯಾಗ ಬರತೈತ್ರಿ. ನನ್ನ ಬಾಯಿ ನನ್ನ ಕಡೇನ ಇರಲಿ" ಎಂದು ಅವರು ಕೈ ಮುಗಿಯುತ್ತಿದ್ದರು. ಗಜೇಂದ್ರಗಡದ ಬೀಬಿಜಾನ ಎಂಬ ಮುದುಕಿ, ಕೂಲಿ ಹೆಚ್ಚಿಸಿರೆಂದು ಧರಣಿ ಕೂತಿದ್ದ ಬೀಡಿ ಕಾರ್ಮಿಕರ ಹಿರಿಯಳು, ಕೊಟ್ಟ ಚಹಾ ತಿರುಗಿ ಬಂದಾಗ ಲೋಟ ನೆಲಕ್ಕೆ ಕುಕ್ಕಿ ಕೇಳಿದಳು: "ಯಾಕೋ ಸಾಹೇಬಾ, ಚಹಾದಾಗ ನಮ್ಮ ಬೇಡಿಕೀನೂ ಕಲಸಿ ಕೊಟ್ಟೀವೇನು?" ಸುತ್ತಲಿದ್ದವರು ಗೊಳ್ಳೆಂದರು. ಪ್ರಾಧ್ಯಾಪಕರು ಅಡ್ಡಡ್ಡ ಹಿಂದೆ ಸರಿದು, ಶೇಂಗಾ ಬಾಯಿಗೆ ಹಾಕಿಕೊಂಡು ನೋಡುತ್ತಲೇ ಇದ್ದರು.

ಇಂಥ ಮನುಷ್ಯನ ಮೇಲೆ ಯಾರಿಗೆ ತಾನೆ ಸಂಶಯ ಬಾರದು? ಧರಣಿಯವರು ಅವರನ್ನು ಪೊಲೀಸರ ಕಡೆಯವನೆಂದುಕೊಂಡರು, ಪೊಲೀಸರು ಧಾರವಾಡದಿಂದ ಕಿಡಿ ಹೊತ್ತಿಸಲು ಬಂದವನೆಂದುಕೊಂಡರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಇಬ್ಬರ ನಡುವೆ ಸಿಕ್ಕಿಯೂ ಅವರು ಹಣ್ಣಾಗಲಿಲ್ಲ. ಅವರ ಬಾಯಲ್ಲಿ ಸದಾ ಒಂದೇ ಪ್ರಶ್ನೆ: "ಅದಕ್ಕೂ ಮೊದಲ?" ಯಾರು ಏನು ಹೇಳಿದರೂ ಅದರ ಹಿಂದಿನದು ಅವರಿಗೆ ಬೇಕು. ಮಾಸ್ತರಿಕೆ ಮಾಡಿ ನಿವೃತ್ತರಾದ ಅವರ ಹೆಂಡತಿ ನಿರ್ಮಲಾ ಒಮ್ಮೆ ಬೇಸತ್ತು, "ನಿಮ್ಮ ಕೂಡ ಬಾಳೇ ಮಾಡೂದ ಆಗೂದಿಲ್ಲ, ನಾ ತವರಿಗೆ ಹೊಂಟೆ" ಎಂದರೆ, ಗಂಡನ ಬಾಯಿಂದ ಬಂದದ್ದೂ ಅದೇ ಪ್ರಶ್ನೆ. ಆ ತಾಯಿ ನಗುತ್ತ ಚೀಲ ಕೆಳಗಿಟ್ಟರಂತೆ. ನಗದೆ ಮತ್ತೇನು ಮಾಡಬೇಕು!

ಎದುರಿಗೆ ಕೂತು ದುಃಖ ತೋಡಿಕೊಂಡವರಿಗೆ ಅವರು ಒಂದು ಮಾತು ಕೊಡುತ್ತಿದ್ದರು: ನೀವು ಹೇಳಿದ್ದನ್ನು ಬರೆಯುತ್ತೇನೆ, ನಿಮ್ಮ ಹೆಸರನ್ನು ಯಾರಿಗೂ ಹೇಳುವುದಿಲ್ಲ. ಆ ಮಾತಿಗೆ ಅವರು ಒಮ್ಮೆಯೂ ತಪ್ಪಲಿಲ್ಲ. ಕಂಡದ್ದನ್ನು ಕಂಡಂತೆ ಹೇಳುವುದು, ಹೆಸರು ಮಾತ್ರ ಹೇಳದಿರುವುದು: ಈ ಎರಡು ಗಾಲಿಗಳ ಮೇಲೆ ಅವರ ವಿದ್ವತ್ತಿನ ಬಂಡಿ ನಿವೃತ್ತಿಯವರೆಗೂ ಸುಸೂತ್ರವಾಗಿ ಬಂತು. ನಿವೃತ್ತರಾಗಿ ರೋಣಕ್ಕೆ ಬಂದು ನೆಲೆಸಿ, ಜೀವಮಾನದ ಕೆಲಸವನ್ನೆಲ್ಲ ಕೂಡಿಸಿ ದೊಡ್ಡ ಗ್ರಂಥವೊಂದನ್ನು ಬರೆಯುತ್ತಿದ್ದಾಗ ಆ ಎರಡು ಗಾಲಿಗಳು ಬೇರೆ ಬೇರೆ ದಿಕ್ಕಿಗೆ ತಿರುಗಿದವು.

ಮೆಣಸಗಿಯಾಚೆ ಮಲಪ್ರಭೆಯ ದಂಡೆಯಲ್ಲಿದ್ದ ಸಣ್ಣ ಊರೊಂದನ್ನು, ನೆರೆ ಬಂದು ಹೋದ ಮೇಲೆ, ಎತ್ತರದ ಎರಿ ಭೂಮಿಗೆ ಎತ್ತಿ ಕಟ್ಟಿದ್ದರು. ಮನೆಗಳಿಗೆ ಜಾಗ, ಗುಡಿಗೆ ಜಾಗ, ಸಾಲೆಗೆ ಜಾಗ ಎಲ್ಲ ಇತ್ತು; ನಕ್ಷೆ ಬರೆದವರು ಸುಡುಗಾಡಿಗೆ ಜಾಗ ಬಿಡುವುದನ್ನು ಮರೆತಿದ್ದರು. ಹೊಸ ಊರಿನವರು ಸಾಯುವುದೇ ಇಲ್ಲವೆಂಬ ದೊಡ್ಡ ನಂಬಿಕೆ! ಸತ್ತವರನ್ನು ಹೊತ್ತು ಮತ್ತೆ ಹಳೆಯ ಹೊಳೆದಂಡೆಗೇ ಇಳಿಯಬೇಕು; ಮಳೆಗಾಲದಲ್ಲಿ ಆ ಎರಿ ಮಣ್ಣು ಹೊತ್ತವರ ಕಾಲನ್ನು ಬಿಡುವುದಿಲ್ಲ. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಮಾಯವ್ವ ಎಂಬ ಮುದುಕಿ ತೀರಿಕೊಂಡಾಗ ಅವಳ ಮಗಳು ಬಾಳವ್ವ, "ನಮ್ಮವ್ವನ್ನ ಆ ರಾಡ್ಯಾಗ ಒಯ್ಯೂದಿಲ್ಲ. ಜಾಗಾ ಕೊಡೂಮಟ ರಸ್ತೇದಾಗ ಕುಂದರಸ್ತೀನಿ" ಎಂದಳು. ಅವರಲ್ಲಿ ಸತ್ತವರನ್ನು ಕುಳ್ಳಿರಿಸಿಯೇ ಮಣ್ಣು ಮಾಡುವ ವಾಡಿಕೆ. ಹಣೆಗೆ ವಿಭೂತಿ, ಕೊರಳಿಗೆ ಹೂಮಾಲೆ ಹಾಕಿ, ಇಳಕಲ್ ಸೀರೆಯ ಸೆರಗು ಹೊದಿಸಿ, ಹಲಗೆಗೆ ಆನಿಸಿ ಕುಳ್ಳಿರಿಸಿದ ಮಾಯವ್ವನನ್ನು ತಂದು ತಾಲೂಕಿನ ರಸ್ತೆಯ ನಡುವೆ ಇಟ್ಟು, ಊರವರೆಲ್ಲ ಅವಳ ಹಿಂದೆ ಕೂತರು.

ಸುದ್ದಿ ತಿಳಿದ ಪ್ರಭುಲಿಂಗಪ್ಪನವರು ಸಿಕ್ಕ ಬಸ್ಸು ಹತ್ತಿ ಹೋಗಿ, ರಸ್ತೆಯಾಚೆಯ ಬೇವಿನ ಗಿಡದ ಕೆಳಗೆ ತಮ್ಮ ಜಾಗದಲ್ಲಿ ನಿಂತರು. ಮಧ್ಯಾಹ್ನದ ಹೊತ್ತಿಗೆ ಜೀಪೊಂದು ಬಂತು. ಒಳಗಿದ್ದ ಅಧಿಕಾರಿ ಕೆಳಗಿಳಿಯದೆಯೇ, "ಮೊದಲ ಈ ಹೆಣಾ ಎತ್ತರಿ, ಆಮ್ಯಾಲ ಮಾತು" ಎಂದರು. ಬಾಳವ್ವ ಎದ್ದು ಜೀಪಿಗೆ ಎದುರಾಗಿ ಕೈ ನೀಡಿ ವಾದಕ್ಕೆ ನಿಂತಳು. ಅಷ್ಟರಲ್ಲಿ ಕೂತವರ ಹಿಂಬದಿಯಿಂದ ಕಲ್ಲೊಂದು ಹಾರಿ ಬಂದು ಜೀಪಿನ ಮುಂದಿನ ಗಾಜು ಒಡೆಯಿತು. ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲರ ಕಣ್ಣು ಜೀಪಿನ ಮೇಲಿತ್ತು. ಜನರ ಮುಖದ ಮೇಲಿದ್ದದ್ದು ಪ್ರಾಧ್ಯಾಪಕರ ಕಣ್ಣು ಮಾತ್ರ. ಕಲ್ಲು ಒಗೆದವನು ಬಾಳವ್ವನ ಮಗ ಸಿದ್ದರಾಮೇಶ. ಅಜ್ಜಿಯ ತೊಡೆಯ ಮೇಲೆ ಬೆಳೆದವನು, ಪೊಲೀಸ್ ಪೇದೆಯ ಹುದ್ದೆಗೆ ಆಯ್ಕೆಯಾಗಿ ಆದೇಶಕ್ಕೆ ಕಾದಿದ್ದವನು. ಮುಂದೆ ನಿಂತಿದ್ದಳೆಂಬ ಒಂದೇ ಕಾರಣಕ್ಕೆ ಕಲ್ಲಿನ ಮೊಕದ್ದಮೆ ಬಾಳವ್ವನ ಮೇಲೆ ಬಿತ್ತು. ಒಗೆದವನು ಮಗನೆಂದು ತಿಳಿದಿದ್ದ ಅವಳು ಮರುಮಾತಿಲ್ಲದೆ ಒಪ್ಪಿಕೊಳ್ಳಲು ತಯಾರಾಗಿದ್ದಳು.

ಒಪ್ಪಿಕೊಳ್ಳಬೇಡವೆಂದು ತಡೆದವನು ಅವಳ ವಕೀಲ ಅನಿಲಕುಮಾರ, ಪ್ರಾಧ್ಯಾಪಕರ ಹಳೆಯ ಶಿಷ್ಯ. ಯಾರ ಕಡೆಯವರೂ ಅಲ್ಲದ ಒಬ್ಬ ಸಾಕ್ಷಿ ಇಡೀ ರಸ್ತೆಯಲ್ಲಿ ಇದ್ದನೆಂದರೆ ಅದು ಅವನ ಗುರುಗಳೇ. ಬಾಳವ್ವನನ್ನು ಕರೆದುಕೊಂಡು ಅವನು ರೋಣದ ಮನೆಗೆ ಬಂದ. "ಸರ, ಈಕಿ ಒಗದಿಲ್ಲ ಅನ್ರಿ, ಒಗದಾಂವನ್ನ ನೋಡೇ ಇಲ್ಲ ಅನ್ರಿ. ಒಂದ ಮಾತಿನಾಗ ಮುಗೀತು."

"ನೋಡೂದ ನನ್ನ ಉದ್ಯೋಗ, ಅನಿಲ. ಇದೊಂದು ನೋಡಿಲ್ಲ ಅಂದ್ರ, ಇಷ್ಟ ವರ್ಷ ನೋಡೀನಿ ಅಂತ ಬರದದ್ದು ಯಾರು ನಂಬಬೇಕು?"

"ಹಂಗಾದ್ರ ನನ್ನ ಮಗನ ಹೆಸರು ಹೇಳ್ತೀರೇನ್ರಿ?" ಬಾಳವ್ವ ನಡುವೆ ಬಾಯಿ ಹಾಕಿದಳು.

"ಹೆಸರು ಹೇಳೂದಿಲ್ಲವ್ವಾ. ಜೀವ ಹೋದ್ರೂ ಹೇಳೂದಿಲ್ಲ."

"ಅದನ್ನೂ ಹೇಳೂದಿಲ್ಲ, ಇದನ್ನೂ ಬಿಡೂದಿಲ್ಲ ಅಂದ್ರ, ನಮ್ಮನ್ನ ನಡಬಾವ್ಯಾಗ ಬಿಟ್ಟಂಗ ಆತಲ್ರೀ" ಎಂದು ಆ ಹೆಂಗಸು ನೀರೂ ಮುಟ್ಟದೆ ಎದ್ದುಹೋದಳು. ಅಂದು ಸಂಜೆ ನಿರ್ಮಲಾ ಗಂಡನಿಗೆ, "ಒಂದ ಸುಳ್ಳಿಗೆ ಒಂದ ಮನಿ ಉಳೀತಿದ್ರ, ಆ ಪಾಪ ನನ್ನ ತಲೀಮ್ಯಾಲ ಇರಲಿ, ಹೇಳಿಬಿಡ್ರಿ" ಎಂದರು. ಪ್ರಭುಲಿಂಗಪ್ಪನವರಿಗೆ ಉಣ್ಣಲಾಗಲಿಲ್ಲ. ಹೆಂಡತಿಯ ಮಾತಿನಲ್ಲಿ ನ್ಯಾಯವಿದೆಯೆಂದು ಅವರಿಗೇ ಗೊತ್ತಿತ್ತು. ಆದರೆ ತಾವು ಕಂಡದ್ದನ್ನು ತಾವೇ ಅಳಿಸಿದರೆ, ತಾವು ಎಣಿಸಿದ ಸಾವಿರಾರು ಜನ, ಅವರ ಬಿಸಿಲು, ಅವರ ಹಸಿವು ಎಲ್ಲವೂ ಅದರ ಜೊತೆಗೇ ಅಳಿಸಿಹೋಗುತ್ತವೆ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

ನ್ಯಾಯಾಲಯದಲ್ಲಿ ಅವರು ನುಡಿದದ್ದು ಹೀಗೆ: ಕಲ್ಲು ಬಿದ್ದದ್ದು ನಿಜ, ಧರಣಿಯವರ ಕಡೆಯಿಂದಲೇ ಬಿದ್ದದ್ದೂ ನಿಜ, ಒಗೆದವಳು ಬಾಳವ್ವ ಅಲ್ಲ. ಹಿಂದಿನ ಬೆಂಚುಗಳಲ್ಲಿ ಕೂತ ಊರವರು ಹಲ್ಲು ಕಡಿದರು. ಸರಕಾರಿ ವಕೀಲರು ಸಾಕ್ಷಿಯ ಕಣ್ಣನ್ನೇ ಹುಸಿಯಾಗಿಸಲು ಹೊರಟರು. ಧರಣಿಯ ಬಗ್ಗೆ ಪತ್ರಿಕೆಯೊಂದಕ್ಕೆ ಇವರು ಬರೆದ ಲೇಖನದಲ್ಲಿ ಕೂತವರ ಸಂಖ್ಯೆ ಪೊಲೀಸರ ಎಣಿಕೆಗಿಂತ ಒಂದು ಹೆಚ್ಚಿತ್ತು.

"ಕೂತ ಜನರನ್ನೇ ಸರಿಯಾಗಿ ಎಣಿಸಲು ಬಾರದವರು, ಕಲ್ಲು ಒಗೆದ ಕೈ ಗುರುತಿಸಿದಿರಾ?"

"ಪೊಲೀಸರು ಮಾಯವ್ವನ್ನ ಬಿಟ್ಟಾರ್ರಿ. ನಾ ಬಿಟ್ಟಿಲ್ಲ."

"ಆಕೆ ಸತ್ತಿದ್ದಳಲ್ಲ!"

"ಕೂತಿದ್ಲಲ್ರೀ. ನಾ ಕೂತವರನ್ನ ಎಣಸಾಂವ. ಮೊದಲ ರೂಢಿ ಪ್ರಕಾರ ಆಕೀನೂ ತಪ್ಪಿ ಎಣಿಸಿದೆ. ಮನಿಗೆ ಬಂದ ಮ್ಯಾಲ ಗೊತ್ತಾತು. ಆದ್ರ ತಿದ್ದೂದು ಸರಿ ಅನ್ನಿಸಲಿಲ್ಲ. ಅವತ್ತು ಎಲ್ಲಾರಕಿಂತ ಮುಂದ ಕೂತಾಕಿ ಆಕೀನ."

ಊರವರ ಮುಖದ ಗಂಟು ಒಂದು ಗಳಿಗೆ ಸಡಿಲವಾಯಿತು. ಬಾಳವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಆಗ ನ್ಯಾಯಾಧೀಶರು ಕೇಳಬೇಕಾದ ಪ್ರಶ್ನೆಯನ್ನು ಕೇಳಿಯೇ ಕೇಳಿದರು. ಒಗೆದವರು ಯಾರು? ಪ್ರಭುಲಿಂಗಪ್ಪನವರು ಕೈ ಮುಗಿದು, ಕಂಡಿದ್ದೇನೆ, ಹೇಳಲಾರೆ ಎಂದರು. ಕಕ್ಷಿಗಾರರ ಗುಟ್ಟು ಕಾಯಲು ವಕೀಲರಿಗಿರುವಂಥ ರಕ್ಷಣೆ ಪ್ರಾಧ್ಯಾಪಕರಿಗಿಲ್ಲವೆಂದು ನ್ಯಾಯಾಧೀಶರು ತಿಳಿಹೇಳಿದರು, ಊಟದ ವಿರಾಮದ ನಂತರವೂ ಉತ್ತರ ಬಾರದಿದ್ದರೆ ಶಿಕ್ಷೆ ತಪ್ಪದೆಂದರು. ಶಿಕ್ಷೆಯಾಗಲೆಂದು ಇವರು ತಲೆಬಾಗಿಸಿದರು. ವಿರಾಮ ಮುಗಿದು ಇವರು ಮತ್ತೆ ಕಟಕಟೆ ಹತ್ತುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

"ಒಗದಾಂವ ನಾನ್ರೀ ಸಾಹೇಬ್ರ. ನಮ್ಮಜ್ಜಿನ್ನ ಎಣಸಿದವರು ಇವರೊಬ್ಬರ. ಅವರನ್ನ ಬಿಡ್ರಿ."

ಅದು ಸಿದ್ದರಾಮೇಶ. ಬಾಳವ್ವ "ಅಯ್ಯೋ ಮಗನ" ಎಂದು ಚೀರಿದಳು. ಮೂವತ್ತು ವರ್ಷ ಜನರ ಮುಖದಿಂದ ಕಣ್ಣು ಕೀಳದ ಪ್ರಭುಲಿಂಗಪ್ಪನವರು ಅಂದು ಗೋಡೆಯ ಕಡೆಗೆ ತಿರುಗಿ ನಿಂತರು. ಆ ತಾಯಿಯ ಮುಖ ನೋಡುವ ಧೈರ್ಯ ಅವರಿಗಾಗಲಿಲ್ಲ.

ಬಾಳವ್ವ ಬಿಡುಗಡೆಯಾದಳು. ಸಿದ್ದರಾಮೇಶನ ಮೇಲೆ ಬೇರೆ ಮೊಕದ್ದಮೆ ನಡೆದು ದಂಡದಲ್ಲಿ ಮುಗಿಯಿತು, ಆದರೆ ಪೇದೆಯ ಹುದ್ದೆ ಕೈತಪ್ಪಿತು. ಈಗ ಅವನು ಬೆಳವಣಕಿಯಲ್ಲಿ ಯಾರದೋ ಟ್ರ್ಯಾಕ್ಟರ್ ಓಡಿಸುತ್ತಾನೆ. ನೋಡಿಲ್ಲ ಎಂಬ ಒಂದು ಮಾತಿಗೆ ಹುಡುಗನ ಬಾಳು ಬಲಿಯಾಯಿತೆಂದು ಊರು ಪ್ರಾಧ್ಯಾಪಕರನ್ನು ಶಪಿಸಿತು. ಗೆಳೆಯರು ಅವರದು ಹಟವೆಂದರು. ನಾನೂ ಹಾಗೆಂದವನೇ; ಈಗಲೂ ಪೂರಾ ಮನಸ್ಸು ಬದಲಿಸಿದ್ದೇನೆಂದು ಹೇಳಲಾರೆ. ದೊಡ್ಡ ಗ್ರಂಥ ಅಲ್ಲಿಗೇ ನಿಂತಿದೆ. ಕೇಳಿದರೆ ಅವರು ಹೇಳುವುದಿಷ್ಟು: "ಕರೀದ ಯಾರೂ ಏಳೂದಿಲ್ಲ ಅಂತ ಬರದಿದ್ದೆ. ಆ ಹುಡುಗನ್ನ ಯಾರು ಕರದಿದ್ರು? ಎದ್ದದ್ದು ನನ್ನ ಸಲುವಾಗಿ. ನನ್ನ ಸಲುವಾಗಿ ಎದ್ದವನ್ನ ನಾ ಹ್ಯಾಂಗ ಬರೀಲಿ?" ಹೇಳುವಾಗ ಅವರ ಕಣ್ಣು ತುಂಬಿರುತ್ತದೆ.

ಕಳೆದ ಸುಗ್ಗಿಯಲ್ಲಿ ಬಾಳವ್ವ ಅವರ ಮನೆಗೆ ಬಂದಳು. ಊರಿಗೆ ಸುಡುಗಾಡಿನ ಜಾಗ ಮಂಜೂರಾಗಿತ್ತು. ಅವಳು ಒಳಗೆ ಕೂರಲಿಲ್ಲ, ಕಟ್ಟೆಯ ಮೇಲೆ ನಿಂತೇ ಮಾತಾಡಿದಳು.

"ಸರ, ನಿಮ್ಮ ಮ್ಯಾಲಿನ ಸಿಟ್ಟು ಹೋಗಿಲ್ರಿ. ಹೋಗೂದೂ ಇಲ್ಲ. ನನ್ನ ಮಗ ಖಾಕಿ ಹಾಕಬೇಕಿತ್ತು, ಮಂದಿ ಹೊಲಾ ಹೊಡಿಯಾಕತ್ತಾನ. ಆದರ ಒಂದ ಮಾತು ಹೇಳಿ ಹೋಗಾಕ ಬಂದೀನಿ. ನಿಮ್ಮ ಮಣ್ಣಿಗೆ ನಾವು ಬರ್ತೀವಿ. ಸಿಟ್ಟೀಲೇ ಬರ್ತೀವಿ. ಆದರ ಊರಿಗೆ ಊರ ಬರ್ತೀವಿ."

ಅವಳು ಓಣಿ ದಾಟುವವರೆಗೂ ಪ್ರಭುಲಿಂಗಪ್ಪನವರು ಕಟ್ಟೆಯ ಮೇಲೆ ನಿಂತೇ ಇದ್ದರು ಎಂದು ನಿರ್ಮಲಾ ನನಗೆ ಹೇಳಿದರು.

ಜಗಳದ ಎರಡೂ ದಂಡೆಗೆ ಬೇಡವಾಗಿ, ರಸ್ತೆಯಾಚೆ ನಿಂತು ಕಾಣುವ ಇಂಥವರ ಕುಲವೊಂದು ಲೋಕದಲ್ಲಿದೆ. ನಾವು ಅವರನ್ನು ಹೇಡಿಗಳೆನ್ನುತ್ತೇವೆ, ಕಲ್ಲೆದೆಯವರೆನ್ನುತ್ತೇವೆ. ಅವರ ಸತ್ಯಕ್ಕೆ ಎಷ್ಟೋ ಸಲ ಅವರಿಗಿಂತ ಹೆಚ್ಚಿನ ಬೆಲೆ ತೆತ್ತವರು ನಾವೇ ಆದ್ದರಿಂದ ಹಾಗೆನ್ನುವ ಹಕ್ಕೂ ನಮಗಿದೆ. ಅವರನ್ನು ಪ್ರೀತಿಸುವುದು ಕಷ್ಟ, ಕ್ಷಮಿಸುವುದು ಇನ್ನೂ ಕಷ್ಟ. ಆದರೆ ನಾಳೆ ಯಾರಾದರೂ ಬಂದು, ಅಂದು ಆ ರಸ್ತೆಯಲ್ಲಿ ನೀವು ಕೂತಿರಲೇ ಇಲ್ಲ, ನಿಮ್ಮ ಸತ್ತವರು ಲೆಕ್ಕಕ್ಕೇ ಇಲ್ಲ ಎಂದಾಗ, ನಾವು ಹುಡುಕಿಕೊಂಡು ಹೋಗುವುದು ಅವರ ಮನೆಯನ್ನೇ. ಬದುಕಿರುವಾಗ ಅವರ ಜೊತೆ ಕೂತು ಉಣ್ಣಲು ಊರಿಗೆ ಮನಸ್ಸಾಗುವುದಿಲ್ಲ. ಅವರು ಸತ್ತ ದಿನ ಮನೆಯಲ್ಲಿ ಉಳಿಯುವ ಮನಸ್ಸೂ ಯಾರಿಗೂ ಆಗುವುದಿಲ್ಲ.